ಗೋಡೆಯೊಳಗಿನ ಸೋರಿಕೆ

ಬೆಂಗಳೂರಿನ ಮನೆಗಳಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರ ಹತ್ತಿ ಬರುತ್ತದೆ. ಹಾಗೆ ಬಂದ ನೀರು ಎಷ್ಟೋ ಮನೆಗಳಲ್ಲಿ ಗೋಡೆಯೊಳಗೇ ಸೋರಿಹೋಗುತ್ತಿದೆ. ಗೋಡೆಗೆ ತೇವ ಹತ್ತಿ ಬಣ್ಣ ಹಪ್ಪಳವೆದ್ದಾಗ ನಾವು ಕರೆಸುವುದು ಪೇಂಟರನ್ನು. ಮೊದಲು ಕರೆಸಬೇಕಾದದ್ದು ಕಸುಬು ಬಲ್ಲ ಪ್ಲಂಬರನ್ನು.

ನಲ್ಲಿ ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತದೆ. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ ಹೆಚ್ಚುಕಡಿಮೆ 20 ಲೀಟರಿನ ಒಂದು ಕ್ಯಾನ್ ನೀರು ಪೋಲು. ವಾಷರ್ ಬದಲಾಯಿಸಿದರೆ ಸಾಕು, ನಿಲ್ಲುತ್ತದೆ. ಕಾಣದ ಸೋರಿಕೆಗೆ ಬೇಕಾದದ್ದು ಪ್ರೆಷರ್ ಟೆಸ್ಟ್. ನಲ್ಲಿಗಳನ್ನು ಬಿಚ್ಚಿ ಆ ಬಾಯಿಗಳಿಗೆಲ್ಲ ಪ್ಲಗ್ ಹಾಕುತ್ತಾರೆ. ಪೈಪಿನಲ್ಲಿ ಗಾಳಿ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸುತ್ತಾರೆ. ಗೇಜಿನ ಮುಳ್ಳು ಕದಲದೆ ನಿಂತರೆ ಲೈನು ಭದ್ರ. ಮೆಲ್ಲಗೆ ಇಳಿಯತೊಡಗಿದರೆ ಎಲ್ಲೋ ಸೋರುತ್ತಿದೆ. ಆಮೇಲೆ ಒಂದೊಂದೇ ವಾಲ್ವ್ ಮುಚ್ಚುತ್ತ ಬಂದರೆ ಸೋರಿಕೆ ಅಡುಗೆಮನೆಯ ಲೈನಿನದೋ ಬಚ್ಚಲಮನೆಯದೋ ತಿಳಿಯುತ್ತದೆ, ಗೋಡೆಯನ್ನೆಲ್ಲ ಒಡೆಯುವುದು ತಪ್ಪುತ್ತದೆ. ಹಳೆಯ ಜಿಐ ಪೈಪಿನ ಮನೆಯಾದರೆ ಒತ್ತಡ ಹದವಾಗಿರಬೇಕು. ತುಕ್ಕು ತಿಂದ ಪೈಪು ಒಡೆದೀತು. ಪೈಪು ಎಂಥದೆಂದು ಕೇಳದೆಯೇ ಪಂಪಿಗೆ ಕೈ ಹಾಕುವವರಿಗೆ ಕೆಲಸ ಒಪ್ಪಿಸಬೇಡಿ.

ಗೀಸರಿನ ಸೇಫ್ಟಿ ವಾಲ್ವ್, ಟ್ಯಾಂಕಿನ ಬಾಲ್ ವಾಲ್ವ್ ಇವನ್ನೂ ಟೆಸ್ಟ್ ಮಾಡಿಸುವ ದಿನವೇ ನೋಡಿಸಿಬಿಡಿ.

ಇದೆಲ್ಲಕ್ಕಿಂತ ನನ್ನನ್ನು ಚಿಂತೆಗೀಡುಮಾಡುವುದು ನೆಲದಡಿಯ ನೀರಿನ ಸಂಪು. ಇಕ್ಕಟ್ಟಾದ ಸೈಟುಗಳಲ್ಲಿ ಸಂಪಿನ ಮಗ್ಗುಲಲ್ಲೇ ಒಳಚರಂಡಿಯ ಚೇಂಬರ್ ಇರುತ್ತದೆ. ಚೇಂಬರ್ ಕಟ್ಟಿಕೊಂಡು, ಸಂಪಿನ ಗೋಡೆಯೂ ಬಿರುಕು ಬಿಟ್ಟಿದ್ದರೆ, ಸಂಪಿನ ನೀರು ತಗ್ಗಿದಾಗ ಕೊಳಚೆ ಒಳಕ್ಕೆ ಜಿನುಗುತ್ತದೆ. ನೀರು ತಿಳಿಯಾಗಿಯೇ ಕಂಡೀತು. ಮನೆಯ ಮಕ್ಕಳಿಗೆ ವಾಂತಿಭೇದಿ ಶುರುವಾದಾಗಲೂ ಯಾರಿಗೂ ಸಂಪಿನ ನೆನಪಾಗುವುದಿಲ್ಲ. ಸಂಪು ಖಾಲಿ ಮಾಡಿಸಿ, ಮೇಲಿನಿಂದಲೇ ಟಾರ್ಚ್ ಬಿಟ್ಟು ಚೇಂಬರಿನ ಕಡೆಯ ಗೋಡೆಯನ್ನು ನೋಡಿಸಿ. ಒದ್ದೆ ಗೆರೆ ಕಂಡರೆ ಚೇಂಬರಿಗೆ ಬಣ್ಣದ ನೀರು ಸುರಿಸಿ. ಆ ಬಣ್ಣ ಸಂಪಿನೊಳಗೆ ಕಾಣಿಸಿಕೊಂಡರೆ ಅನುಮಾನವೇ ಉಳಿಯುವುದಿಲ್ಲ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಸಾಲದೆ ಜೀವಗಳು ಹೋಗಿವೆ. ದಯವಿಟ್ಟು ಯಾರನ್ನೂ ಅವಸರದಲ್ಲಿ ಒಳಗಿಳಿಸಬೇಡಿ.

ತಪಾಸಣೆ ಮುಗಿದ ಮೇಲೆ ಪೈಪು ಎಲ್ಲೆಲ್ಲಿ ಹಾದಿದೆ, ಯಾವ ವಾಲ್ವ್ ಯಾವ ಲೈನಿನದು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಚೇಂಬರುಗಳು ಉಕ್ಕುತ್ತವೆ. ಅದಕ್ಕೆ ಮೊದಲೇ ಈ ಕೆಲಸ ಮಾಡಿಸಿ.