ಮೊಮ್ಮಗು ಜನವರಿಯಲ್ಲಿ ಹುಟ್ಟಿದರೆ



ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕ್ವಾರ್ಟ್ಸೈಟ್ ಅಂತ ಒಂದು ಪುಟ್ಟ ಊರಿದೆ. ಕಾಯಂ ಆಗಿ ಅಲ್ಲಿರುವವರು ಎರಡೂವರೆ ಸಾವಿರ ಜನವೂ ಇಲ್ಲ. ಬೇಸಿಗೆಯಲ್ಲಿ ಆ ಬಿಸಿಲಿಗೆ ನಾಯಿಯೂ ಹೊರಗೆ ತಲೆ ಹಾಕುವುದಿಲ್ಲ. ಅದೇ ಊರಿಗೆ ಜನವರಿಯಲ್ಲಿ ಹೋದರೆ ಕುರುಚಲು ಗಿಡಗಳ ನಡುವೆ ಕಣ್ಣು ಹಾಯುವಷ್ಟು ದೂರ ಬರೀ ವಾಹನಗಳು, ಟ್ರೇಲರುಗಳು. ಪಕ್ಕದಲ್ಲೇ ಲಾ ಪೋಸಾ ಎಂಬ ಸರಕಾರಿ ಬಯಲಿದೆ. ಅಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳಿಗೆ ಪರವಾನಗಿ ಪಡೆದು ಬಿಡಾರ ಹೂಡಬಹುದು. ಉತ್ತರದಲ್ಲಿ ಹಿಮ ಬೀಳುವ ಹೊತ್ತಿಗೆ ಇಲ್ಲಿಗೆ ಇಳಿದು ಬರುವವರಲ್ಲಿ ಹೆಚ್ಚಿನವರು ನಿವೃತ್ತರು, ಗಂಡ ಹೆಂಡತಿ ಇಬ್ಬರೇ. ಅವರಲ್ಲಿ ಎಷ್ಟೋ ಜನಕ್ಕೆ ಬೇರೆ ಮನೆಯೇ ಇಲ್ಲ. ಮಾರಿಬಿಟ್ಟಿದ್ದಾರೆ. ಆರ್‌ವಿ ಎಂದು ಕರೆಯುವ ಆ ವಾಹನವೇ ಅವರ ಮನೆ. ಒಳಗೆ ಮಂಚ, ಒಲೆ, ಫ್ರಿಜ್, ಕಕ್ಕಸು ಎಲ್ಲ ಇದೆ.

ಇಂಥವರ ಸುದ್ದಿ ಕೇಳಿದಾಗ ನಮಗೆ ಥಟ್ಟನೆ ಬರುವ ಮಾತು ಒಂದೇ. ಸಂಸಾರದ ಗೋಜು ಬೇಡವೆಂದು ಹೊರಟುಬಿಟ್ಟರು, ಪುಣ್ಯವಂತರು. ಹತ್ತಿರದಿಂದ ನೋಡಿದರೆ ಹಾಗಿಲ್ಲ. ಅವರ ವರ್ಷದ ದಾರಿಯನ್ನು ಗೆರೆ ಎಳೆದು ನೋಡಿ. ಮೇ ತಿಂಗಳಲ್ಲಿ ಮೊಮ್ಮಗನ ಪದವಿ ಪ್ರದಾನ, ಅದಕ್ಕೆ ಒಂದು ತಿರುವು. ಜೂನ್‌ನಲ್ಲಿ ತಂಗಿಯ ಮಗಳ ಮದುವೆ, ಅದಕ್ಕೆ ಇನ್ನೊಂದು. ನಡುವೆ ಸಿಕ್ಕ ಬಿಡುವಿನಲ್ಲಿ ಯೆಲ್ಲೋಸ್ಟೋನ್. ಮೊದಲು ಗುರುತು ಬೀಳುವುದು ಬಂಧುಗಳ ತಾರೀಖುಗಳಿಗೆ, ಬೆಟ್ಟ ಕಣಿವೆಗಳು ಆ ತಾರೀಖುಗಳ ನಡುವೆ ಜಾಗ ಮಾಡಿಕೊಳ್ಳಬೇಕು.

ತೊಂದರೆ ಬರುವುದು ಚಳಿಗಾಲದ ಶುಭಕಾರ್ಯಗಳಿಗೆ. ಮಗಳು ಮಿನಿಯಾಪೊಲಿಸ್‌ನಲ್ಲಿದ್ದಾಳೆ, ಹೆರಿಗೆಗೆ ಜನವರಿ ತಿಂಗಳು ಹೇಳಿದ್ದಾರೆ ಅಂದುಕೊಳ್ಳಿ. ಅಪ್ಪ ಅಮ್ಮ ಇರುವುದು ಈ ಮರುಭೂಮಿಯಲ್ಲಿ. ನಡುವಿನ ದಾರಿ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಈ ಪ್ರಯಾಣಿಕರಲ್ಲಿ ಒಂದು ರೂಢಿಯ ಲೆಕ್ಕವಿದೆ: ದಿನಕ್ಕೆ 330 ಮೈಲಿ ಆಯಿತೋ, ಇಲ್ಲ ಮಧ್ಯಾಹ್ನ ಮೂರೂವರೆ ಆಯಿತೋ, ಯಾವುದು ಮೊದಲೋ ಅಲ್ಲಿಗೆ ಗಾಡಿ ನಿಲ್ಲಿಸಬೇಕು. ಆ ಲೆಕ್ಕದಲ್ಲಿ ಐದಾರು ದಿನ ಬೇಕು. ದಿನ ಹೋಗಲಿ ಎಂದರೂ ಹಿಮ ಬಿಡುವುದಿಲ್ಲ. ವಾಹನದ ಹೊಟ್ಟೆಯೊಳಗಿನ ನೀರಿನ ಕೊಳವೆಗಳು ಬೆರಳುಗಾತ್ರದವು. ನೀರು ಹೆಪ್ಪುಗಟ್ಟಿ ಹಿಗ್ಗಿತೆಂದರೆ ಅವು ಬಿರಿಯುತ್ತವೆ. ಹಾಗಾಗಿ ಶೀತಪ್ರದೇಶಕ್ಕೆ ಹೋಗುವ ಮೊದಲು ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಕೊಳವೆಗಳಿಗೆ ತುಂಬಬೇಕು. ತುಂಬಿದ ಮೇಲೆ ನಲ್ಲಿಯೂ ಇಲ್ಲ, ಸ್ನಾನವೂ ಇಲ್ಲ. ಎಷ್ಟೋ ಅಜ್ಜ ಅಜ್ಜಿಯರು ಕೊನೆಗೆ ಮನೆಯನ್ನು ಮರುಭೂಮಿಯಲ್ಲೇ ಬಿಟ್ಟು, ಪಕ್ಕದವರಿಗೆ ಒಂದು ಕಣ್ಣಿಡಿ ಎಂದು ಹೇಳಿ ವಿಮಾನ ಹತ್ತುತ್ತಾರೆ. ಗಾಲಿಯ ಮೇಲೆ ಮನೆ ಇದ್ದೂ ಬೇಕಾದ ದಿನಕ್ಕೆ ಅದು ಕದಲಲಾರದು!

ಬೇಸಿಗೆಯ ಬಾಣಂತನವಾದರೆ ಸುಲಭ. ಮಗಳ ಮನೆಯೆದುರಿನ ಡ್ರೈವ್‌ವೇಗೆ ಆರ್‌ವಿ ಬಂದು ನಿಲ್ಲುತ್ತದೆ. ನಿಂತೊಡನೆ ಅಜ್ಜ ಮಾಡುವ ಮೊದಲ ಕೆಲಸ ಮಗು ನೋಡುವುದಲ್ಲ. ಮಟ್ಟಗೋಲು ತೆಗೆದು ನೆಲದ ಓರೆ ಅಳೆದು, ತಗ್ಗಿನ ಕಡೆಯ ಗಾಲಿಯ ಕೆಳಗೆ ಹಲಗೆ ಕೊಡುತ್ತಾನೆ. ಯಾಕೆಂದರೆ ಇಂಥ ವಾಹನಗಳಲ್ಲಿ ಅನೇಕ ಕಡೆ ಇರುವುದು ಅನಿಲದ ಫ್ರಿಜ್. ಅದರೊಳಗಿನ ಅಮೋನಿಯದ ದ್ರಾವಣ ತನ್ನ ಭಾರದಿಂದಲೇ ಹರಿಯಬೇಕು, ವಾಹನ ವಾಲಿ ನಿಂತರೆ ಹರಿಯುವುದಿಲ್ಲ, ಫ್ರಿಜ್ ಕೆಡುತ್ತದೆ. ಆಮೇಲೆ ಗ್ಯಾರೇಜಿನಿಂದ ಒಂದು ವಯರು ಎಳೆದು ಕರೆಂಟ್. ಈ ವಾಹನಗಳು ಕೇಳುವುದು 30 ಅಥವಾ 50 ಆಂಪಿಯರ್, ಗೋಡೆಯ ಪ್ಲಗ್ಗು ಕೊಡುವುದು ಹದಿನೈದೋ ಇಪ್ಪತ್ತೋ. ಎಸಿ ಓಡುತ್ತಿರುವಾಗ ಅಜ್ಜಿ ಹಾಲು ಬಿಸಿ ಮಾಡಲು ಮೈಕ್ರೋವೇವ್ ಒತ್ತಿದಳೋ, ಮಗಳ ಮನೆಯ ಫ್ಯೂಸ್ ಢಮಾರ್. ಇಷ್ಟರ ಮೇಲೆ ಬಡಾವಣೆಯ ಸಂಘದವರ ಕಾಟ ಬೇರೆ. ಎಷ್ಟೋ ಕಡೆ ಇಂಥ ಗಾಡಿಯನ್ನು ಮನೆಯೆದುರು ಕೆಲವು ರಾತ್ರಿಗಳಿಗಿಂತ ಹೆಚ್ಚು ನಿಲ್ಲಿಸುವಂತಿಲ್ಲ.

ಆದರೂ ಈ ಏರ್ಪಾಡಿನಲ್ಲಿ ಒಂದು ಸೊಗಸಿದೆ. ನಮ್ಮ ಕಡೆಯಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರನ್ನು ಕೇಳಿ ನೋಡಿ. ಮೆಂತ್ಯದ ಹಿಟ್ಟು, ಅಂಟಿನುಂಡೆ, ಬಜೆ ಬೇರು ಕಟ್ಟಿಕೊಂಡು ಹೋಗುತ್ತಾರೆ. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಆ ಆರು ತಿಂಗಳು ಮಗಳ ಅಡುಗೆಮನೆಯಲ್ಲಿ, ಮಗಳ ಲೆಕ್ಕದಲ್ಲಿ, ಅಳಿಯ ಮೀಟಿಂಗಿನಲ್ಲಿದ್ದಾರೆ ಎಂದು ದನಿ ತಗ್ಗಿಸಿ ಬದುಕಬೇಕು. ಮುನಿಸಿಕೊಂಡರೆ ಹೋಗಿ ಕೂರಲು ಒಂದು ಜಾಗವಿಲ್ಲ, ಕಾರು ಓಡಿಸಲು ಬಾರದು. ಡ್ರೈವ್‌ವೇನಲ್ಲಿ ಗಾಡಿ ನಿಲ್ಲಿಸಿದ ಅಜ್ಜಿಗೆ ಆ ಕಷ್ಟವಿಲ್ಲ. ರಾತ್ರಿ ಎಂಟಾಯಿತೋ, ಮಗುವನ್ನು ಮಗಳ ಕೈಗಿಟ್ಟು, ಹತ್ತು ಹೆಜ್ಜೆ ನಡೆದು ತನ್ನ ಬಾಗಿಲು ತಾನು ಹಾಕಿಕೊಳ್ಳುತ್ತಾಳೆ. ಹತ್ತಿರವೂ ಇದ್ದ ಹಾಗಾಯಿತು, ಮೈಮೇಲೆ ಬೀಳದ ಹಾಗೂ ಆಯಿತು. ನಮ್ಮ ತಾಯಂದಿರಿಗೂ ಇಂಥ ಹತ್ತು ಹೆಜ್ಜೆಯ ದೂರ ಸಿಗುವಂತಿದ್ದರೆ ಎಷ್ಟೋ ಬಾಣಂತನಗಳು ಇನ್ನಷ್ಟು ಹಸನಾಗುತ್ತಿದ್ದವು ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮನೆ ಮಾರಿದ ದಿನದಿಂದ ಅವರು ಯಾರನ್ನೂ ಕರೆಯಲಾರರು. ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನಮ್ಮ ಗೌರಿ ಗಣೇಶದ ಹಾಗೆ ಎಲ್ಲರೂ ಹಿರಿಯರ ಮನೆ ಸೇರುವ ದಿನ. ಈಗ ಹಿರಿಯರ ಊಟದ ಮೇಜಿಗೆ ನಾಲ್ಕು ಜನ ಕೂರುವುದೇ ಕಷ್ಟ. ಮಕ್ಕಳು ತಮ್ಮ ತಮ್ಮಲ್ಲೇ ಹಬ್ಬ ಮಾಡುತ್ತಾರೆ, ಮರುಭೂಮಿಯಲ್ಲಿ ಅಕ್ಕಪಕ್ಕದ ಗಾಡಿಯವರು ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಕೂಡಿ ಉಣ್ಣುತ್ತಾರೆ. ಮನೆತನದ ಸಾಮಾನಿನ ಕಥೆಯೂ ಅಷ್ಟೆ. ಪ್ರತಿ ವಾಹನಕ್ಕೂ ಹೊರುವ ಭಾರದ ಮಿತಿ ಇದೆ. ಅಜ್ಜಿಯ ಕಾಲದ ಪಿಂಗಾಣಿ ತಟ್ಟೆಗಳನ್ನೂ ನೀರಿನ ತೊಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಟ್ಟೆಗಳು ಸೋಲುತ್ತವೆ.

ಎಲ್ಲರೂ ಇಷ್ಟಪಟ್ಟು ಹೊರಟವರಲ್ಲ ಅನ್ನುವುದನ್ನೂ ಹೇಳಬೇಕು. 2008ರ ಆರ್ಥಿಕ ಕುಸಿತದ ನಂತರ ಮನೆ, ಉಳಿತಾಯ ಕಳೆದುಕೊಂಡು ಗಾಡಿ ಹತ್ತಿದವರನ್ನು ಕುರಿತು ಜೆಸ್ಸಿಕಾ ಬ್ರೂಡರ್ 2017ರಲ್ಲಿ ನೊಮ್ಯಾಡ್‌ಲ್ಯಾಂಡ್ ಎಂಬ ಪುಸ್ತಕ ಬರೆದರು. ಕ್ಲೋಯಿ ಝಾವೊ ಅದನ್ನು ಸಿನಿಮಾ ಮಾಡಿದರು, 2021ರಲ್ಲಿ ಅದಕ್ಕೆ ಆಸ್ಕರ್ ಬಂತು. ಅರವತ್ತು ದಾಟಿದ ಮೇಲೂ ಸಕ್ಕರೆ ಬೀಟ್ ಕೊಯ್ಲಿಗೆ, ಗೋದಾಮಿನ ಕೂಲಿಗೆ ಹೋಗುವ ಅವರಿಗೆ ಮೊಮ್ಮಗನ ಹುಟ್ಟುಹಬ್ಬವೆಂದರೆ ಪೆಟ್ರೋಲಿನ ಲೆಕ್ಕ.

ಇನ್ನು ವಿಳಾಸದ ಮಾತು. ವಾಹನ ನೋಂದಣಿಗೆ, ಮತದಾರರ ಪಟ್ಟಿಗೆ, ಮದುವೆಯ ಕರೆಯೋಲೆಗೆ ಒಂದು ಊರು ಬೇಕಲ್ಲ? ಇವರು ಆರಿಸಿಕೊಳ್ಳುವುದು ಹೆಚ್ಚಾಗಿ ಟೆಕ್ಸಾಸ್, ಫ್ಲೋರಿಡಾ, ಸೌತ್ ಡಕೋಟಾ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಸಣ್ಣ ಊರಿನಲ್ಲಿ ಎಸ್ಕೇಪೀಸ್ ಎಂಬ ಸಂಘವಿದೆ. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಕಟ್ಟಿದ್ದು. ಸದಸ್ಯರ ಟಪಾಲನ್ನೆಲ್ಲ ಅಲ್ಲಿ ಕೂಡಿಟ್ಟು, ಅವರು ಎಲ್ಲಿದ್ದಾರೆಂದು ತಿಳಿಸಿದರೆ ಅಲ್ಲಿಗೆ ಕಳಿಸಿಕೊಡುತ್ತಾರೆ.

ಅದೇ ಊರಿನಲ್ಲಿ ಸಂಘದವರು ಇನ್ನೊಂದು ವ್ಯವಸ್ಥೆಯನ್ನೂ ಮಾಡಿದ್ದಾರೆ. ಕಣ್ಣು ಮಂಜಾಗಿ, ಇನ್ನು ಸ್ಟಿಯರಿಂಗ್ ಹಿಡಿಯುವುದು ಬೇಡ ಅನ್ನಿಸಿದವರು ತಮ್ಮ ಗಾಡಿಯನ್ನು ಅಲ್ಲಿಗೆ ತಂದು ನಿಲ್ಲಿಸಬಹುದು. ಮಲಗುವುದು ತಮ್ಮದೇ ಮಂಚದ ಮೇಲೆ. ಊಟ ಅವರು ಕೊಡುತ್ತಾರೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ವರ್ಷಗಟ್ಟಲೆ ಹೆರಿಗೆಗೆ, ಮದುವೆಗೆ, ಪದವಿಗೆ ಎಂದು ಮಕ್ಕಳಿರುವಲ್ಲಿಗೆ ತಾವೇ ಹೋಗುತ್ತಿದ್ದವರು ಕೊನೆಗೂ ಒಂದು ಕಡೆ ನಿಂತಿದ್ದಾರೆ. ರಜೆ ಹಾಕಿ, ಟಿಕೆಟ್ ಮಾಡಿಸಿ ಹೊರಡುವ ಸರದಿ ಈಗ ಮಕ್ಕಳದು.