ಉಗುರು ಕತ್ತರಿಸಿಕೊಂಡು ಹೋಗಿ, ಕೆಲಸ ಕೇಳಿ

ಹಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ‘ಸಹಾಯಕರು ಬೇಕಾಗಿದ್ದಾರೆ’ ಎಂಬ ಚೀಟಿ ಓದಿ, ‘ನಾನು ಕೋರ್ಸ್ ಮಾಡಿಲ್ಲವಲ್ಲ’ ಎಂದು ತಲೆ ತಗ್ಗಿಸಿ ನಡೆದುಬಿಡುವ ತಮ್ಮಂದಿರೇ, ತಂಗಿಯರೇ, ಒಂದು ನಿಮಿಷ ನಿಲ್ಲಿ.

1885ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ದಂತವೈದ್ಯ ಎಡ್ಮಂಡ್ ಕೆಲ್ಸ್ ಅವರು ಮಾಲ್ವಿನಾ ಕ್ಯೂರಿಯಾ ಎಂಬ ಯುವತಿಯನ್ನು ಸಹಾಯಕ್ಕೆ ಸೇರಿಸಿಕೊಂಡರು. ಆಗ ಈ ಕೆಲಸ ಕಲಿಸುವ ಶಾಲೆಯೇ ಇರಲಿಲ್ಲ. ಈ ವೃತ್ತಿ ಹುಟ್ಟಿದ್ದೇ ಕುರ್ಚಿಯ ಪಕ್ಕದಲ್ಲಿ ನಿಂತು ಕಲಿತವರಿಂದ.

ನಿಮಗೂ ಮೊದಲು ಸಿಗುವುದು ತೊಳೆಯುವ ಕೆಲಸ. ಅದನ್ನು ಕೀಳೆಂದು ಎಣಿಸಬೇಡಿ. ಉಪಕರಣಗಳನ್ನು ಉಜ್ಜಿ, ಒಣಗಿಸಿ, ರೋಗಾಣು ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಬಿಸಿಯ ಹಬೆಯಲ್ಲಿ ಕನಿಷ್ಠ 15 ನಿಮಿಷ ಇಡುವ ನಿಮ್ಮ ಕೈಯೇ, ಒಬ್ಬರ ರಕ್ತದ ಸೋಂಕು ಇನ್ನೊಬ್ಬರಿಗೆ ತಗುಲದಂತೆ ಕಾಯುತ್ತದೆ. ಆಮೇಲೆ ಹಲ್ಲುಗಳ ಹೆಸರು, ಸಂಖ್ಯೆಗಳನ್ನು ಕಲಿಯಿರಿ. ಡಾಕ್ಟರು ‘36’ ಎಂದರೆ ಕೆಳಗಿನ ಎಡಬದಿಯ ಮೊದಲ ದವಡೆ ಹಲ್ಲು ಎಂದು ಥಟ್ಟನೆ ಹೊಳೆಯಬೇಕು. ಬಾಯಿಯ ನೀರು ಹೀರುವ ಸಕ್ಷನ್ ನಳಿಕೆ ಹಿಡಿಯಲು, ಹಲ್ಲಿಗೆ ಹಾಕುವ ಸಿಮೆಂಟ್ ಕಲಸಲು ಕಲಿಯಿರಿ. ಕಲಸಿದ ಸಿಮೆಂಟ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ನಿಮ್ಮ ಕೈ ತಡವಾದರೆ ಡಾಕ್ಟರ ಕೆಲಸ ಕೆಡುತ್ತದೆ. ಹೆದರಿ ಕೂತ ಮಗುವಿನ ಕೈ ಹಿಡಿದು ಸಮಾಧಾನ ಹೇಳುವುದನ್ನಂತೂ ಯಾವ ಪುಸ್ತಕವೂ ಪೂರ್ತಿ ಕಲಿಸಲಾರದು.

ಆದರೆ ಒಂದು ಗೆರೆಯಿದೆ. ಹಲ್ಲು ಕೀಳುವುದು, ಕೊರೆಯುವುದು, ಮರಗಟ್ಟಿಸುವ ಸೂಜಿ ಹಾಕುವುದು ದಂತವೈದ್ಯರ ಕೆಲಸ. ಹತ್ತು ವರ್ಷ ನೋಡಿದರೂ ಅದು ನಿಮ್ಮದಾಗದು. ‘ಇದೊಂದು ನೀನೇ ಮಾಡಿಬಿಡು’ ಎಂದು ಯಾರೇ ಹೇಳಿದರೂ ಕೈ ಹಾಕಬೇಡಿ. ನಿಮ್ಮ ಜೀವವೂ ಅಷ್ಟೇ ಮುಖ್ಯ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಳ್ಳಿ. ಗ್ಲೌಸ್ ಇಲ್ಲದೆ ಉಪಕರಣ ಮುಟ್ಟಬೇಡಿ. ಬಳಸಿದ ಸೂಜಿಯನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೇ ಹಾಕಿ.

ಕಲಿತದ್ದನ್ನು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ವರ್ಷ ತುಂಬಿದಾಗ ಅನುಭವ ಪತ್ರ ಕೇಳಿ ಪಡೆಯಿರಿ. ಅದು ನಿಮ್ಮ ದುಡಿಮೆಯ ಹಕ್ಕು. ಕೆಲಸದಲ್ಲೇ ಕಲಿತ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ, ವಿಚಾರಿಸಿ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ಎರಡು ವರ್ಷದ ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾದತ್ತಲೂ ಕಣ್ಣಿಡಿ. ಅನುಭವ ಓದಿಗೆ ಬದಲಿಯಲ್ಲ, ಓದಿಗೆ ಹತ್ತುವ ಮೆಟ್ಟಿಲು.

ನಾಳೆ ಬೆಳಿಗ್ಗೆ ಉಗುರು ಕತ್ತರಿಸಿಕೊಂಡು, ಶುಭ್ರ ಬಟ್ಟೆ ತೊಟ್ಟು ಹೊರಡಿ. ‘ನನಗೆ ಗೊತ್ತಿಲ್ಲ, ಆದರೆ ಕಲಿಯುತ್ತೇನೆ’ ಎಂದು ಡಾಕ್ಟರ ಮುಖ ನೋಡಿ ಹೇಳಿ. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬೀದಿಯ ಬಾಗಿಲು ತಟ್ಟಿ.