ಕಸದ ಗುಡ್ಡದ ಕಪ್ಪು ರಸ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆಯನ್ನೋ ಹುಳಿಯನ್ನೋ ಬಿಟ್ಟರೆ ಅಜ್ಜಿ ಗದರುತ್ತಿದ್ದರು: ‘ಕಿಲುಬು ಬಿಡುತ್ತೆ, ಮೊದಲು ಬೇರೆಯದಕ್ಕೆ ಬಗ್ಗಿಸು!’ ಹುಳಿ ಲೋಹವನ್ನು ಕರಗಿಸುತ್ತದೆ ಎಂದು ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ನಾನು ಇವತ್ತು ಹೇಳುವುದೂ ಅದನ್ನೇ. ಪಾತ್ರೆ ಮಾತ್ರ ಎಕರೆಗಟ್ಟಲೆ ದೊಡ್ಡದು.

ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ 2012ರಲ್ಲಿ ಬಾಗಿಲು ಹಾಕಿತು. ಹೊರೆ ಮಂಡೂರಿನ ಮೇಲೆ ಬಿತ್ತು. ಊರವರು ರಸ್ತೆಗಿಳಿದ ಮೇಲೆ, 2014ರ ಕೊನೆಗೆ, ಅಲ್ಲಿಗೂ ಲಾರಿಗಳು ನಿಂತವು. ಗುಡ್ಡ ಮಾತ್ರ ಉಳಿಯಿತು. ಇಂಥ ಗುಡ್ಡದ ಮೇಲೆ ಮಳೆ ಬಿದ್ದರೆ ನೀರು ಕಸದೊಳಗೆ ಜಿನುಗಿ, ಕಪ್ಪು ರಸವಾಗಿ ಬುಡದಿಂದ ಹೊರಡುತ್ತದೆ. ಇದೇ ಲೀಚೇಟ್. ಕಸದ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋದವರಿಗೆ ಇದರ ಪರಿಚಯ ಬೇರೆ ಹೇಳಬೇಕಿಲ್ಲ.

ಗುಡ್ಡದೊಳಗೆ ನಡೆಯುವುದೇನು? ಹಳಸಿದ ಅನ್ನ, ಬಾಳೆಸಿಪ್ಪೆ, ತರಕಾರಿ ಚೂರು ಗಾಳಿಯಿಲ್ಲದೆ ಕೊಳೆಯುತ್ತವೆ. ರಾತ್ರಿ ಇಟ್ಟ ದೋಸೆ ಹಿಟ್ಟಿನ ಹಾಗೆ ಮೊದಲು ಹುಳಿಯಾಗುತ್ತವೆ. ಪಕ್ಕದಲ್ಲೇ ಗಡಿಯಾರದ ಸೆಲ್ಲು, ಒಡೆದ ಟ್ಯೂಬ್‌ಲೈಟು, ಹಳೇ ಬಣ್ಣದ ಹಲಗೆ, ರೇಡಿಯೋದ ಸರ್ಕ್ಯೂಟು ಬಿದ್ದಿರುತ್ತವೆ. ಆ ಹುಳಿಗೆ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಕರಗುತ್ತವೆ. ಕಸ ಹಳತಾದಂತೆ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಆ ಆಮ್ಲವನ್ನು ತಿಂದು ಹಾಕುತ್ತವೆ. ಆಗ ಲೋಹಗಳು ಗಂಧಕದ ಜೊತೆ ಸೇರಿ ಮತ್ತೆ ಗಟ್ಟಿಯಾಗಿ ಒಳಗೇ ಕೂರುತ್ತವೆ. ಆದ್ದರಿಂದ ಹಳೇ ಗುಡ್ಡದ ರಸದಲ್ಲಿ ಲೋಹ ಸಾಮಾನ್ಯವಾಗಿ ಕಡಿಮೆ. ಭಯಪಡಿಸುವವರು ಇದನ್ನು ಹೇಳುವುದಿಲ್ಲ, ನಾನು ಹೇಳುತ್ತೇನೆ. ಆದರೆ ಹಳೆಯದರ ಮೇಲೆ ದಿನವೂ ಹೊಸ ಕಸ ಸುರಿದರೆ ಹುಳಿಯ ಆಟ ಮತ್ತೆ ಮೊದಲಿನಿಂದ. ಕೂತ ಲೋಹವೂ ಎಲ್ಲಿಗೂ ಹೋಗಿರುವುದಿಲ್ಲ. ಅನ್ನ ಕೊಳೆತು ಮಣ್ಣಾಗುತ್ತದೆ, ಸೀಸ ಸೀಸವಾಗಿಯೇ ಇರುತ್ತದೆ.

ಸ್ವಲ್ಪವೇ ಅಲ್ಲವೇ ಎನ್ನಬೇಡಿ. ನಮ್ಮ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 0.01 ಮಿಲಿಗ್ರಾಂ ಸೀಸವೇ ಮಿತಿ. ಲೆಕ್ಕ ಹಾಕಿ: ಒಂದೇ ಒಂದು ಗ್ರಾಂ ಸೀಸ ಕರಗಿದರೆ 1 ಲಕ್ಷ ಲೀಟರ್ ನೀರು ಆ ಮಿತಿ ಮುಟ್ಟುತ್ತದೆ. ಕ್ಯಾಡ್ಮಿಯಂಗೆ ಮಿತಿ ಇನ್ನೂ ಬಿಗಿ, 0.003. ಸೀಸ ಮಕ್ಕಳ ಮಿದುಳಿಗೆ ಹಾನಿ, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ. ಈ ರಸ ಇಳಿದ ಬಾವಿಯ ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತವೆ. ಲೋಹ ಸಾಯುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ.

ಕಸ ಹೂಳುವ ಹೊಸ ನೆಲಭರ್ತಿಗೆ ಅಡಿಯಲ್ಲಿ ಹಾಸು ಹಾಕಿ, ರಸವನ್ನು ಸಂಗ್ರಹಿಸಿ ಶುದ್ಧೀಕರಿಸಬೇಕೆಂದು ನಿಯಮವಿದೆ. ಅದು ಆಡಳಿತದ ಕೆಲಸ. ಹುಳಿಯನ್ನೂ ಲೋಹವನ್ನೂ ಒಂದೇ ಬಕೆಟ್ಟಿಗೆ ಹಾಕದಿರುವುದು ಮನೆಯ ಕೆಲಸ. ಅಡುಗೆಮನೆಯ ಮೂಲೆಯಲ್ಲಿ ಒಂದು ಹಳೇ ಡಬ್ಬಿ ಇಡಿ. ಮುಗಿದ ಸೆಲ್ಲು, ಹಾಳಾದ ಚಾರ್ಜರು ಅದರಲ್ಲಿ ಬೀಳಲಿ. ತುಂಬಿದಾಗ ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ, ಹಸಿ ಕಸದ ಗಾಡಿಗಲ್ಲ.